ಎಸ್‌ಒಪಿಯಲ್ಲಿ ಮೊದಲ ಪ್ಯಾರಾ ಅಳಿಸಿ ನೋಡಿ

ಪಿಎಚ್‌ಡಿಗೋ ಮಾಸ್ಟರ್ಸ್‌ಗೋ ಅರ್ಜಿ ಹಾಕುವವರು, ಏನು ಓದಬೇಕು, ಯಾಕೆ ಅಂತ ಹೇಳುವ ಎಸ್‌ಒಪಿ (ಸ್ಟೇಟ್‌ಮೆಂಟ್ ಆಫ್ ಪರ್ಪಸ್) ಬರೆದು ತಿದ್ದಿಕೊಡಿ ಎಂದು ಕಳಿಸುವ ಡ್ರಾಫ್ಟ್‌ಗಳಲ್ಲಿ ಮೊದಲ ಪ್ಯಾರಾ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಚಿಕ್ಕಂದಿನಿಂದಲೂ ವಿಜ್ಞಾನ ಅಂದರೆ ಕುತೂಹಲ. ಮನೆಯ ರೇಡಿಯೋ ಬಿಚ್ಚಿ ನೋಡಿದ್ದು. ಅದರ ಹಿಂದೆಯೇ ಯಾರೋ ದೊಡ್ಡ ವಿಜ್ಞಾನಿಯ ಮಾತು. ಆ ಪ್ಯಾರಾ ಅಳಿಸಿ ಉಳಿದದ್ದನ್ನು ಓದಿ ನೋಡಿ ಅನ್ನುತ್ತೇನೆ. ಏನಾದರೂ ಕಮ್ಮಿಯಾಯಿತು ಅನ್ನಿಸುವುದು ತೀರಾ ಅಪರೂಪ.

ಓದುವವರ ಕಡೆಯಿಂದ ಯೋಚಿಸಿ. ಅಡ್ಮಿಷನ್ ಕಮಿಟಿಯಲ್ಲಿ ಇರುವವರು ಪಾಠ, ರಿಸರ್ಚ್ ಎಲ್ಲದರ ನಡುವೆ ಅರ್ಜಿಗಳ ರಾಶಿ ಮುಗಿಸಬೇಕಾದ ಪ್ರೊಫೆಸರ್‌ಗಳು. ನಿಮ್ಮ ಅಂಕಗಳು ಟ್ರಾನ್ಸ್‌ಕ್ರಿಪ್ಟ್‌ನಲ್ಲಿವೆ, ಇಂಟರ್ನ್‌ಶಿಪ್‌ಗಳು ರೆಸ್ಯೂಮೆಯಲ್ಲಿವೆ. ಅವನ್ನೇ ವಾಕ್ಯ ಮಾಡಿ ಮತ್ತೆ ಬರೆದರೆ ಯಾರಿಗೆ ಬೇಕು? ಒಂದು ಸಮಸ್ಯೆ ಎದುರಾದಾಗ ನಿಮ್ಮ ತಲೆ ಹೇಗೆ ಓಡುತ್ತದೆ ಅನ್ನುವುದನ್ನು ನಿಮ್ಮದೇ ಮಾತಿನಲ್ಲಿ ತಿಳಿಯಲು ಅವರಿಗೆ ಇರುವುದು ಈ ಎರಡು ಪುಟ ಮಾತ್ರ.

ಒಂದು ಉದಾಹರಣೆ ನೋಡೋಣ. ‘ಎಲೆಗಳ ಫೋಟೋ ನೋಡಿ ರೋಗ ಗುರುತಿಸುವ ಕಂಪ್ಯೂಟರ್ ಮಾಡೆಲ್ ತಯಾರಿಸಿದೆ. 97% ನಿಖರತೆ ಬಂತು. ಟೀಮ್‌ವರ್ಕ್ ಕಲಿತೆ.’ ಇದರಲ್ಲಿ ತಪ್ಪೇನಿಲ್ಲ, ಆದರೆ ಯಾರು ಬೇಕಾದರೂ ಬರೆಯಬಹುದು. ಈ ವಿದ್ಯಾರ್ಥಿಯನ್ನು ಕೂರಿಸಿ ‘ಎಲ್ಲಿ ಸಿಕ್ಕಿಕೊಂಡಿರಿ?’ ಅಂತ ಕೇಳಿದರೆ ಬೇರೆಯೇ ಕಥೆ ಹೊರಬರುತ್ತದೆ. ಹೊಸ ಫೋಟೋ ಕೊಟ್ಟರೆ ಮಾಡೆಲ್ ಸುಮ್ನೆ ಏನೇನೋ ಹೇಳುತ್ತಿತ್ತು. ಹುಡುಕಿದರೆ, ಒಂದೇ ಗಿಡದ ಫೋಟೋಗಳು ಮಾಡೆಲ್‌ಗೆ ಕಲಿಸುವ ಟ್ರೇನಿಂಗ್ ಡೇಟಾದಲ್ಲೂ ಇದ್ದವು, ಕಲಿತದ್ದನ್ನು ಪರೀಕ್ಷಿಸುವ ಟೆಸ್ಟ್ ಡೇಟಾದಲ್ಲೂ ಇದ್ದವು. ಮಾಡೆಲ್ ರೋಗ ಕಲಿಯುವ ಬದಲು ಗಿಡದ ಗುರುತು ಹಿಡಿದಿಟ್ಟುಕೊಂಡಿತ್ತು! ಒಂದು ಗಿಡದ ಫೋಟೋಗಳೆಲ್ಲ ಒಂದೇ ಕಡೆ ಬರುವಂತೆ ಡೇಟಾ ಬೇರ್ಪಡಿಸಿ ಮತ್ತೆ ನಡೆಸಿದಾಗ ನಿಖರತೆ 71%ಗೆ ಇಳಿಯಿತು.

‘ಇಳಿದದ್ದನ್ನೂ ಬರೆಯಬೇಕಾ ಸರ್?’ ಅದನ್ನೇ ಬರೆಯಬೇಕು. 97 ತೋರಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಆ 97ರ ಮೇಲೇ ಅನುಮಾನಪಟ್ಟವರನ್ನು ಯಾವ ಪ್ರೊಫೆಸರೂ ತಮ್ಮ ಲ್ಯಾಬ್‌ಗೆ ಕರೆದುಕೊಳ್ಳಲು ನೋಡುತ್ತಾರೆ. ಇಲ್ಲಿಗೆ ಬಂದ ಮೇಲೆ ಮುಂದಿನ ಪ್ಯಾರಾಕ್ಕೆ ಒದ್ದಾಡಬೇಕಿಲ್ಲ. ಲ್ಯಾಬ್‌ನಲ್ಲಿ ಚೆನ್ನಾಗಿ ನಡೆದ ಮಾಡೆಲ್ ಹೊರಗೆ ಯಾಕೆ ಸೋಲುತ್ತದೆ ಅನ್ನುವುದೇ ಮುಂದಿನ ಓದಿನ ಪ್ರಶ್ನೆ. ಆ ಪ್ರಶ್ನೆಯ ಮೇಲೆ ಕೆಲಸ ಮಾಡುವವರು ಈ ವಿಭಾಗದಲ್ಲಿ ಯಾರಿದ್ದಾರೆ ಅಂತ ಹೇಳಿದರೆ ‘ಯಾಕೆ ಇಲ್ಲಿಗೇ’ ಅನ್ನುವುದಕ್ಕೂ ಉತ್ತರವಾಯಿತು. ಎರಡು ಮೂರು ಹೆಸರು ಸಾಕು. ಅವರು ನಿವೃತ್ತರಾಗಿಲ್ಲ, ಬೇರೆ ಕಡೆ ಹೋಗಿಲ್ಲ, ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆ ಅನ್ನುವುದನ್ನು ಮೊದಲು ನೋಡಿಕೊಳ್ಳಿ. ‘ನಿಮ್ಮ ವಿಶ್ವವಿಖ್ಯಾತ ಸಂಸ್ಥೆ’ ಅನ್ನುವ ಹೊಗಳಿಕೆ ಬೇಡವೇ ಬೇಡ. ವಿಶ್ವವಿದ್ಯಾಲಯದ ಹೆಸರು ಬದಲಿಸಿದರೂ ಒಂದು ವಾಕ್ಯ ಹಾಗೇ ನಿಲ್ಲುತ್ತದಾದರೆ ಅದನ್ನು ತೆಗೆಯಿರಿ. (ಬದಲಿಸಲು ಮರೆತು ಬೇರೆ ವಿಶ್ವವಿದ್ಯಾಲಯದ ಹೆಸರಿನಲ್ಲೇ ಕಳಿಸುವವರೂ ಇದ್ದಾರೆ.)

ಹಾಗಾದರೆ ಬಾಲ್ಯ, ಮನೆಯ ಕಷ್ಟ ಯಾವುದೂ ಬೇಡವೇ? ಅದು ಕೇಳಿರುವ ಪ್ರಶ್ನೆಯ ಮೇಲೆ ನಿಂತಿದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಒಂದು, ಪರ್ಸನಲ್ ಹಿಸ್ಟರಿ ಸ್ಟೇಟ್‌ಮೆಂಟ್ ಇನ್ನೊಂದು ಅಂತ ಎರಡು ಬರಹ ಕೇಳುತ್ತದೆ. ಬೆಳೆದ ರೀತಿ, ದಾಟಿ ಬಂದ ಅಡ್ಡಿಗಳ ಜಾಗ ಎರಡನೆಯದು. ಅಮೆರಿಕ ಸರ್ಕಾರದ ನ್ಯಾಷನಲ್ ಸೈನ್ಸ್ ಫೌಂಡೇಷನ್ (ಎನ್‌ಎಸ್‌ಎಫ್) ಕೊಡುವ ಫೆಲೋಶಿಪ್‌ನ ಅರ್ಜಿಯಲ್ಲಿ ವೈಯಕ್ತಿಕ ಬರಹಕ್ಕೆ 3 ಪುಟ, ರಿಸರ್ಚ್ ಪ್ಲಾನ್‌ಗೆ 2 ಪುಟ. ಒಂದೇ ಫೈಲನ್ನು ಎಲ್ಲ ಕಡೆ ಅಂಟಿಸುವವರು ಸಿಕ್ಕಿಬೀಳುವುದೇ ಇಲ್ಲಿ.

ಒಂದು ಸೆಮಿಸ್ಟರ್‌ನಲ್ಲಿ ಅಂಕ ಬಿದ್ದಿದ್ದರೆ ಎರಡು ವಾಕ್ಯದಲ್ಲಿ ಕಾರಣ ಹೇಳಿ, ಆಮೇಲೆ ಏನು ಸುಧಾರಿಸಿತು ಹೇಳಿ, ಮುಂದೆ ಹೋಗಿ. ಗೋಳು ಜಾಸ್ತಿಯಾದರೆ ಓದುವವರಿಗೆ ಅದೊಂದೇ ನೆನಪಿನಲ್ಲಿ ಉಳಿಯುತ್ತದೆ.

ಡ್ರಾಫ್ಟ್ ಒಂದು ಹದಕ್ಕೆ ಬಂದ ಮೇಲೆ, ರೆಕಮೆಂಡೇಷನ್ ಪತ್ರ ಬರೆಯುವ ಅಧ್ಯಾಪಕರಿಗೂ ಒಂದು ಪ್ರತಿ ಕೊಡಿ. ಕೊನೇ ದಿನಾಂಕಕ್ಕೆ ಒಂದು ತಿಂಗಳಾದರೂ ಇರಲಿ. ನೀವು ಬರೆದ ಕೆಲಸವನ್ನೇ ಅವರು ಪಕ್ಕದಿಂದ ನೋಡಿದವರಾಗಿ ಹೇಳಿದರೆ ಕಮಿಟಿ ನಂಬುತ್ತದೆ.