ಸಹಿಯ ಕೆಳಗಿನ ‘ವಿಕರ್’: ಸ್ಪ್ಯಾನಿಷ್‌ನಲ್ಲಿ ಏನೆಂದು ಬರೆಯಬೇಕು?

ಸ್ಪೇನ್‌ನಲ್ಲಿ ಚರ್ಚ್ ಮದುವೆಗೆ ಅಣಿಯಾಗುವ ಕರಾವಳಿಯ ಕ್ರೈಸ್ತರು ತಮ್ಮ ಜ್ಞಾನಸ್ನಾನದ ಪ್ರಮಾಣಪತ್ರವನ್ನು ಅನುವಾದಕ್ಕೆಂದು ನನ್ನಲ್ಲಿಗೆ ತರುವುದುಂಟು. ಪತ್ರದಲ್ಲಿರುವುದು ಹತ್ತು-ಹನ್ನೆರಡು ಸಾಲು ಮಾತ್ರ. ಹೆಸರು, ತಾರೀಖುಗಳೆಲ್ಲ ಸುಸೂತ್ರವಾಗಿ ದಾಟುತ್ತವೆ. ಎಡವುವುದು ಕೊನೆಯಲ್ಲಿ, ಸಹಿಯ ಕೆಳಗೆ ಅಚ್ಚಾಗಿರುವ ‘ವಿಕರ್’ ಎಂಬ ಪದದಲ್ಲಿ. ಹೊಸಬರು ಅದನ್ನು ಯೋಚಿಸದೆ ‘ವಿಕಾರಿಯೊ’ ಎಂದು ಬರೆದುಬಿಡುತ್ತಾರೆ.

ಈ ‘ವಿಕರ್’ ಮಂಗಳೂರಿನ ಕೊಂಕಣಿಯಲ್ಲಿ ‘ವಿಗಾರ್’, ಎಂದರೆ ಇಗರ್ಜಿಯ (ಚರ್ಚಿನ) ಮುಖ್ಯ ಗುರುಗಳು. ಅದು ಪೋರ್ಚುಗೀಸಿನಿಂದ ಬಂದ ಪದ. ನಮ್ಮ ‘ಪಾದ್ರಿ’ಯ ತವರೂ ಅದೇ ಭಾಷೆ. ಆದರೆ ಮೂಲದ ಲ್ಯಾಟಿನ್‌ನಲ್ಲಿ ಈ ಪದಕ್ಕಿರುವುದು ಇನ್ನೊಬ್ಬರ ಬದಲಿಗೆ ನಿಂತವನು ಎಂಬ ಅರ್ಥ, ಮತ್ತು ಸ್ಪ್ಯಾನಿಷ್ ಆ ಅರ್ಥವನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಕಥೋಲಿಕ ಚರ್ಚಿನ ಆಂತರಿಕ ಕಾನೂನಾದ 1983ರ ಕ್ಯಾನನ್ ಕಾನೂನಿನ ಸ್ಪ್ಯಾನಿಷ್ ಪಾಠದಲ್ಲಿ ‘ವಿಕಾರಿಯೊ ಪರ್ರೋಕಿಯಾಲ್’ ಎಂದರೆ ಸಹಾಯಕ ಗುರು, ‘ವಿಕಾರಿಯೊ ಹೆನೆರಾಲ್’ ಎಂದರೆ ಇಡೀ ಧರ್ಮಪ್ರಾಂತ್ಯದ ಆಡಳಿತದಲ್ಲಿ ಬಿಷಪ್ಪರಿಗೆ ನೆರವಾಗುವವರು. ನಮ್ಮ ವಿಗಾರರಿಗೆ ಅಲ್ಲಿರುವ ಪದ ‘ಪಾರ್ರೊಕೊ’. ವಿಕಾರಿಯೊ ಎಂದು ಬರೆದರೆ ಒಂದೇ ಏಟಿಗೆ ಅವರಿಗೆ ಹಿಂಬಡ್ತಿ ಕೊಟ್ಟಂತೆ.

ಹಾಗಾದರೆ ಪಾದ್ರಿಗೆ ಸ್ಪ್ಯಾನಿಷ್‌ನಲ್ಲಿ ಎಲ್ಲರ ಬಾಯಲ್ಲಿರುವ ‘ಕೂರಾ’ ಏಕೆ ಬೇಡ? ಈ ಪದ ಹುಟ್ಟಿದ್ದು ಆತ್ಮಗಳ ಆರೈಕೆ ಎಂಬ ಅರ್ಥದಿಂದ. ಸ್ತ್ರೀಲಿಂಗದ ‘ಲಾ ಕೂರಾ’ ಎಂದರೆ ಇಂದಿಗೂ ಚಿಕಿತ್ಸೆ, ಗುಣವಾಗುವಿಕೆ. ಇದು ಬೈಗುಳವೇನೂ ಅಲ್ಲ. 1810ರ ಸೆಪ್ಟೆಂಬರ್ 16ರಂದು ದೊಲೋರೆಸ್ ಊರಿನಲ್ಲಿ ಸ್ವಾತಂತ್ರ್ಯದ ಕರೆ ಕೊಟ್ಟ ಮಿಗೆಲ್ ಇದಾಲ್ಗೊ ಅವರನ್ನು ಮೆಕ್ಸಿಕೊದ ಜನ ‘ಎಲ್ ಕೂರಾ ಇದಾಲ್ಗೊ’ ಎಂದೇ ಗೌರವದಿಂದ ನೆನೆಯುತ್ತಾರೆ. ಆದರೂ ಇದು ಊರವರು ತಮ್ಮ ಚರ್ಚಿನ ಗುರುವನ್ನು ಕುರಿತು ಆಡುವ ಬಳಕೆಯ ಮಾತು. ಹಾಯಾಗಿ ಬದುಕುವವನನ್ನು ‘ಕೂರಾನ ಹಾಗೆ ಬದುಕುತ್ತಾನೆ’ ಎಂದು ಚುಚ್ಚುವ ರೂಢಿಯೂ ಸ್ಪೇನ್‌ನಲ್ಲಿದೆ. ಆದ್ದರಿಂದ ಕಥೆಯ ಸಂಭಾಷಣೆಯಲ್ಲಿ ನಾನು ಅದನ್ನು ಸಂತೋಷದಿಂದ ಬಳಸುತ್ತೇನೆ, ಪ್ರಮಾಣಪತ್ರದಲ್ಲಿ ಬಳಸುವುದಿಲ್ಲ. ಹುದ್ದೆ ಗೊತ್ತಿಲ್ಲದೆ ದೀಕ್ಷೆಯಷ್ಟೇ ಗೊತ್ತಿದ್ದರೆ ‘ಸಾಸೆರ್ದೋತೆ’ ಸುರಕ್ಷಿತ. ಇದು ಯಾವ ಧರ್ಮಕ್ಕೂ ಸಲ್ಲುತ್ತದೆಯಾದ್ದರಿಂದ ನಮ್ಮ ದೇವಸ್ಥಾನದ ಅರ್ಚಕರಿಗೂ ಆಗುತ್ತದೆ. ಅರ್ಚಕರನ್ನು ಕೂರಾ ಎಂದರೆ ಮಾತ್ರ ಓದುಗರು ನಕ್ಕುಬಿಡುತ್ತಾರೆ.

ಪ್ರೊಟೆಸ್ಟೆಂಟರ ವಿಷಯ ಬೇರೆ. ಕನ್ನಡದ ‘ಸಭಾಪಾಲಕ’ರಿಗೆ ‘ಪಾಸ್ತೊರ್’ ಚೆನ್ನಾಗಿ ಹೊಂದುತ್ತದೆ, ಎರಡರಲ್ಲೂ ಮಂದೆ ಕಾಯುವವನ ಚಿತ್ರವೇ ಇದೆ. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್‌ಐ) ಮಹಿಳೆಯರಿಗೂ ದೀಕ್ಷೆಯಿದೆ. ಅವರನ್ನು ‘ಪಾಸ್ತೊರಾ’ ಅಥವಾ ‘ಪ್ರೆಸ್ಬಿತೆರಾ’ ಎನ್ನಬಹುದು. ‘ಸಾಸೆರ್ದೊತೀಸಾ’ ಎಂದರೆ ಓದುಗರ ಕಣ್ಣೆದುರು ಪುರಾತನ ಗ್ರೀಕ್ ದೇಗುಲದ ಪೂಜಾರಿಣಿ ಬಂದು ನಿಲ್ಲುತ್ತಾಳೆ. ಪತ್ರಿಕೆಗಳಲ್ಲಿ ಆಗಾಗ ಕಾಣುವ ‘ಕ್ಲೆರಿಗೊ’ ಇರಾನಿನ ಧರ್ಮಪಂಡಿತರ ಸುದ್ದಿಗೆ ಸರಿ. ನೆರೆಮನೆಯ ಪಾದ್ರಿಯನ್ನು ಹಾಗೆ ಕರೆಯುವವರು ಕಡಿಮೆ.

ಸ್ಪ್ಯಾನಿಷ್‌ನಿಂದ ಕನ್ನಡಕ್ಕೆ ಬರುವಾಗಲೂ ಇಂಥ ಹೊಂಡಗಳಿವೆ. ‘ಕ್ಲೆರೊ ಸೆಕುಲಾರ್’ ಎಂಬುದನ್ನು ‘ಜಾತ್ಯತೀತ ಪಾದ್ರಿವರ್ಗ’ ಎಂದು ಅನುವಾದಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದರ ಅರ್ಥ ಯಾವ ಸಂನ್ಯಾಸಿ ಸಂಘಕ್ಕೂ ಸೇರದೆ ಬಿಷಪ್ಪರ ಕೆಳಗೆ ದುಡಿಯುವ ಗುರುಗಳು ಎಂದಷ್ಟೆ. ಅದರ ಜೋಡಿಯಾದ ‘ರೆಗುಲಾರ್’ಗೂ ‘ಸಾಧಾರಣ’ ಎಂಬ ಅರ್ಥವಿಲ್ಲ. ಫ್ರಾನ್ಸಿಸ್ಕನ್ನರಂತೆ ಒಂದು ಸಂಘದ ನಿಯಮಕ್ಕೆ ಒಳಪಟ್ಟವರು ಅವರು.

ಈ ಭೇದ ಲಕೋಟೆಯ ಮೇಲಿನ ವಿಳಾಸದವರೆಗೂ ಬರುತ್ತದೆ. ಲ್ಯಾಟಿನ್ ಅಮೆರಿಕದಲ್ಲಿ ಇಬ್ಬರನ್ನೂ ಹೆಸರಿನ ಮುಂದೆ ‘ಪಾದ್ರೆ’ ಸೇರಿಸಿ ಕರೆದರೆ ಸಾಕು. ಸ್ಪೇನ್‌ನ ಹಳೆಯ ಶಿಷ್ಟಾಚಾರದಲ್ಲಿ ಸಂಘಕ್ಕೆ ಸೇರಿದವರು ಪಾದ್ರೆ, ಬಿಷಪ್ಪರ ಕೆಳಗಿನವರು ‘ದೊನ್’. ಹಾಗಾಗಿ ಸ್ಪೇನ್‌ಗೆ ಹೋಗುವ ಪತ್ರವಾದರೆ, ಈ ಗುರುಗಳು ಯಾವ ಸಂಘದವರು ಎಂದು ಕುಟುಂಬದವರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳುತ್ತೇನೆ.