ಅನುದಾನ ಹುಡುಕುವ ಖರ್ಚು ಯಾರ ಹೆಗಲಿಗೆ?

ಶಾಲೆಯೊಂದರ ಗ್ರಂಥಾಲಯಕ್ಕೆ ನೆರವು ಕೇಳಿ ಈಚೆಗೆ ಒಂದು ಆನ್‌ಲೈನ್ ಅರ್ಜಿ ತುಂಬುತ್ತಿದ್ದೆ. ‘ಈ ಯೋಜನೆಯಿಂದ ಯಾರಿಗೆ, ಏನು ಪ್ರಯೋಜನ?’ ಎಂಬ ಪ್ರಶ್ನೆಗೆ 500 ಅಕ್ಷರಗಳ ಮಿತಿಯಿತ್ತು. ಕನ್ನಡದಲ್ಲಿ ಬರೆದರೂ ಆಗುತ್ತದೆ ಎಂದಿದ್ದರಿಂದ ಹುರುಪಿನಿಂದಲೇ ಶುರು ಮಾಡಿದೆ. ಐದಾರು ಸಾಲಿಗೇ ಪೆಟ್ಟಿಗೆ ಕೆಂಪಾಯಿತು. ‘ವಿದ್ಯಾರ್ಥಿ’ ಎಂಬುದು ನಮ್ಮ ಕಣ್ಣಿಗೆ ಮೂರೇ ಅಕ್ಷರ. ಒತ್ತು, ಗುಣಿತಗಳನ್ನೆಲ್ಲ ಬಿಡಿಸಿ ಎಣಿಸುವ ಕಂಪ್ಯೂಟರಿಗೆ ಅದು 10. ರಾತ್ರಿ ಹನ್ನೊಂದರವರೆಗೆ ಪದಗಳನ್ನು ಕತ್ತರಿಸುತ್ತಾ ಕೂತೆ. ಕೊನೆಗೆ ತೆಗೆದುಹಾಕಿದ್ದು, ಪುಸ್ತಕಗಳನ್ನು ನೋಡಿಕೊಳ್ಳಲು ಒಬ್ಬರು ಬೇಕು, ಅವರಿಗೆ ಸಂಬಳ ಬೇಕು ಎಂಬ ವಾಕ್ಯವನ್ನು. ಹೇಗಿದ್ದರೂ ಅದನ್ನು ತುಂಬಲು ಖರ್ಚಿನ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಸಣ್ಣ ಸಂಘ, ಸೇವಾಸಂಸ್ಥೆ, ಶಾಲೆಗಳಿಗಾಗಿ ಅನುದಾನ ಹುಡುಕುವವರಿಗೆಲ್ಲ ಇಂಥ ರಾತ್ರಿಗಳು ಗೊತ್ತು. ಹಣ ಎಲ್ಲಿದೆ ಎಂದು ತಿಳಿಯಬೇಕು, ಕೊಡುವವರ ಷರತ್ತಿಗೆ ತಕ್ಕಂತೆ ತಮ್ಮ ಕೆಲಸವನ್ನು ವಿವರಿಸಬೇಕು, ತಮ್ಮ ಪಾಲಿನ ಹಣ ತೋರಿಸಬೇಕು, ಆಮೇಲೆ ವರದಿ ಕೊಡಬೇಕು. ಇಷ್ಟೂ ಕೆಲಸಕ್ಕೆ ಆಗುವ ಖರ್ಚು ಬೀಳುವುದು ಕೇಳುವವರ ತಲೆಯ ಮೇಲೆ. ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ.

ಯಾವ ಕೆಲಸ ‘ದತ್ತಿ’ ಎನಿಸಿಕೊಳ್ಳುತ್ತದೆ ಎಂಬ ಪಟ್ಟಿ ಇಂಗ್ಲೆಂಡಿನಲ್ಲಿ 1601ರಲ್ಲೇ ಕಾನೂನಿನ ರೂಪ ಪಡೆಯಿತು. ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ಆ ಶಾಸನದ ಪೀಠಿಕೆಯಲ್ಲಿ ವೃದ್ಧರು, ಬಡವರು, ಗಾಯಗೊಂಡ ಸೈನಿಕರು, ಅನಾಥ ಮಕ್ಕಳ ಜೊತೆಗೆ ಸೇತುವೆ, ಹೆದ್ದಾರಿಗಳ ದುರಸ್ತಿಯೂ ಇದೆ, ಉಚಿತ ಶಾಲೆಗಳೂ ಇವೆ. ದತ್ತಿ ಹಣ ದುರುಪಯೋಗವಾಗುತ್ತಿದೆಯೇ ಎಂದು ವಿಚಾರಣೆ ಮಾಡುವುದು ಶಾಸನದ ಮುಖ್ಯ ಉದ್ದೇಶವಾಗಿತ್ತು. ಇಂದಿಗೂ ಅನೇಕ ದೇಶಗಳ ದತ್ತಿ ಕಾನೂನಿನಲ್ಲಿ ಆ ಪಟ್ಟಿಯ ನೆರಳಿದೆ. ಒಂದು ಸಂಸ್ಥೆ ತನ್ನ ಕೆಲಸವನ್ನು ‘ಶಿಕ್ಷಣ’ ಎನ್ನಬೇಕೋ ‘ಬಡತನ ನಿವಾರಣೆ’ ಎನ್ನಬೇಕೋ ಎಂದು ಅರ್ಜಿಯ ಮುಂದೆ ಕೂತು ಯೋಚಿಸುವಾಗ ಆ ಹಳೆಯ ವಿಂಗಡಣೆ ಇನ್ನೂ ಕೆಲಸ ಮಾಡುತ್ತಿರುತ್ತದೆ.

ಶಾಲೆಗಳ ಅನುದಾನದ ಕಥೆಯಲ್ಲಿ ದೊಡ್ಡ ತಿರುವು ಬಂದದ್ದು 1833ರಲ್ಲಿ. ಬ್ರಿಟನ್ನಿನ ಸಂಸತ್ತು ಶಾಲಾ ಕಟ್ಟಡಗಳಿಗೆಂದು 20,000 ಪೌಂಡ್ ಮಂಜೂರು ಮಾಡಿತು. ಹಣ ಎರಡು ಧಾರ್ಮಿಕ ಶಿಕ್ಷಣ ಸಂಘಗಳ ಮೂಲಕ ಹೋಗಬೇಕು, ಕಟ್ಟಡದ ಅರ್ಧ ಖರ್ಚನ್ನು ಜನರೇ ಚಂದಾ ಎತ್ತಿ ಭರಿಸಬೇಕು ಎಂಬುದು ಷರತ್ತು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅರ್ಧ ಹಣ ಎತ್ತುವ ಶಕ್ತಿ ಇರುವ ಊರಿಗೆ ಮಾತ್ರ ಸರ್ಕಾರದ ಅರ್ಧ ದಕ್ಕಿತು. ಶಾಲೆಯೇ ಇಲ್ಲದ, ಚಂದಾ ಕೊಡುವವರೂ ಇಲ್ಲದ ಬಡ ಪ್ರದೇಶಗಳು ಇದ್ದಲ್ಲೇ ಉಳಿದವು. ‘ನಿಮ್ಮ ಪಾಲು ಎಷ್ಟು?’ ಎಂದು ಇವತ್ತಿನ ಅರ್ಜಿಗಳು ಕೇಳುವಾಗಲೆಲ್ಲ ನನಗೆ ಆ 1833 ನೆನಪಾಗುತ್ತದೆ.

ಆಮೇಲೆ ಬಂದದ್ದು ತಪಾಸಣೆ. 1839ರಿಂದ ಇನ್ಸ್‌ಪೆಕ್ಟರುಗಳು ಬಂದರು. 1862ರ ನಿಯಮಾವಳಿ ಇನ್ನೂ ಮುಂದೆ ಹೋಗಿ, ಮಕ್ಕಳ ಹಾಜರಾತಿ ಹಾಗೂ ಓದು, ಬರಹ, ಲೆಕ್ಕದ ಪರೀಕ್ಷೆಯ ಫಲಿತಾಂಶಕ್ಕೆ ಅನುದಾನವನ್ನು ಕಟ್ಟಿಹಾಕಿತು. ಮಗು ಫೇಲಾದರೆ ಶಾಲೆಯ ಹಣಕ್ಕೆ ಕತ್ತರಿ. ಮೇಷ್ಟ್ರುಗಳು ಪರೀಕ್ಷೆಗೆ ಬರುವ ಪಾಠವನ್ನೇ ಮಕ್ಕಳಿಂದ ಉರು ಹೊಡೆಸಿದರು. ಈ ಪದ್ಧತಿ ಪೂರ್ತಿ ತೊಲಗಲು ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಈ ನಡುವೆ, 1854ರ ‘ವುಡ್ಸ್ ಡಿಸ್ಪ್ಯಾಚ್’ ಎಂಬ ಶಿಕ್ಷಣ ನೀತಿಯ ಪತ್ರದ ಮೂಲಕ ಖಾಸಗಿ ಶಾಲೆಗೆ ಷರತ್ತಿನ ಮೇಲೆ ಹಣ ಕೊಡುವ ಕ್ರಮ ಭಾರತಕ್ಕೂ ಬಂತು. ‘ಅನುದಾನಿತ ಶಾಲೆ’ ಎಂದು ನಾವು ಆಡುವ ಮಾತಿನ ಬೇರು ಅಲ್ಲಿದೆ.

ಖಾಸಗಿ ದಾನಿಗಳ ಕಡೆ ಅರ್ಜಿ ಫಾರಂ ಎಂಬುದು ಹೇಗೆ ಹುಟ್ಟಿತು ಎಂದು ನೋಡಬೇಕಾದರೆ ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯ ಗ್ರಂಥಾಲಯಗಳತ್ತ ಹೋಗಬೇಕು. ಅವನ ನೆರವಿನ ಮೊದಲ ಗ್ರಂಥಾಲಯ 1883ರಲ್ಲಿ ತೆರೆದದ್ದು ಅವನು ಹುಟ್ಟಿದ, ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ. ಮುಂದೆ ಅವನ ಹಣದಿಂದ ಜಗತ್ತಿನಲ್ಲಿ ಒಟ್ಟು 2,509 ಗ್ರಂಥಾಲಯಗಳು ಎದ್ದವು, ಅವುಗಳಲ್ಲಿ 1,679 ಅಮೆರಿಕದಲ್ಲೇ. ಅರ್ಜಿಗಳ ಹೊಣೆ ಅವನ ಕಾರ್ಯದರ್ಶಿ ಜೇಮ್ಸ್ ಬರ್ಟ್ರಮ್‌ನದು. ಊರಿನವರು ಕಾಗದ ಬರೆದರೆ ಬರ್ಟ್ರಮ್ ಒಂದು ಪ್ರಶ್ನೆಪಟ್ಟಿ ಕಳಿಸುತ್ತಿದ್ದ: ಜನಸಂಖ್ಯೆ ಎಷ್ಟು, ಈಗ ಗ್ರಂಥಾಲಯ ಇದೆಯೇ, ನಿವೇಶನ ಕೊಡುತ್ತೀರಾ, ವರ್ಷಕ್ಕೆ ಎಷ್ಟು ತೆರಿಗೆ ಹಣ ಮೀಸಲಿಡುತ್ತೀರಿ? ಸಾಮಾನ್ಯ ನಿಯಮವೆಂದರೆ, ಕಟ್ಟಡಕ್ಕೆ ಬಂದ ಮೊತ್ತದ ಶೇ. 10ರಷ್ಟನ್ನು ಊರು ಪ್ರತಿ ವರ್ಷ ನಿರ್ವಹಣೆಗೆ ಖರ್ಚು ಮಾಡಬೇಕು.

ಇಲ್ಲಿ ಒಂದು ಗುಣವನ್ನು ಒಪ್ಪಿಕೊಳ್ಳಲೇಬೇಕು. ಪ್ರಶ್ನೆಗಳು ಕೆಲವೇ, ನಿಯಮ ಎಲ್ಲರಿಗೂ ಒಂದೇ. ಯಾರ ಪರಿಚಯವೂ ಇಲ್ಲದ ಪುಟ್ಟ ಪಟ್ಟಣವೂ ಕಾಗದ ಹಾಕಬಹುದಿತ್ತು. ಕೊರತೆ ಬಯಲಾದದ್ದು ಆಮೇಲೆ. ಕಾರ್ನೆಗಿ ಕಟ್ಟಿದ ದಾನಸಂಸ್ಥೆ ಕಾರ್ನೆಗಿ ಕಾರ್ಪೊರೇಷನ್ನಿಗಾಗಿ ಆಲ್ವಿನ್ ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞ ಹಲವು ಗ್ರಂಥಾಲಯಗಳನ್ನು ಸುತ್ತಿ ನೋಡಿ 1916ರಲ್ಲಿ ವರದಿ ಕೊಟ್ಟ. ಕಟ್ಟಡಗಳಿವೆ, ತರಬೇತಿ ಪಡೆದ ಗ್ರಂಥಪಾಲಕರಿಲ್ಲ ಎಂಬುದು ಅವನು ಎತ್ತಿ ತೋರಿಸಿದ ದೊಡ್ಡ ನ್ಯೂನತೆ. ಅದನ್ನು ಓದಿದಾಗ, ನನ್ನ ಅರ್ಜಿಯಿಂದ ನಾನೇ ಕತ್ತರಿಸಿದ ವಾಕ್ಯ ಕಣ್ಣ ಮುಂದೆ ಬಂದು ನಿಂತಿತು. ನೂರು ವರ್ಷ ಕಳೆದರೂ ಗೋಡೆಗೆ ಸಿಗುವ ಹಣ ಮನುಷ್ಯರಿಗೆ ಸುಲಭವಾಗಿ ಸಿಗುತ್ತಿಲ್ಲ.

ಇದೇ ಹೊತ್ತಿನಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನಡೆದದ್ದು ಈ ಇತಿಹಾಸದಲ್ಲೇ ನನ್ನನ್ನು ಅತಿ ಹೆಚ್ಚು ಕಲಕುವ ಸಂಗತಿ. ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ ಮತ್ತು ವ್ಯಾಪಾರಿ ಜೂಲಿಯಸ್ ರೋಸೆನ್‌ವಾಲ್ಡ್ 1912ರ ಸುಮಾರಿಗೆ ಕಪ್ಪು ಮಕ್ಕಳಿಗಾಗಿ ಅಲಬಾಮಾದಲ್ಲಿ ಆರು ಶಾಲೆಗಳ ಪ್ರಯೋಗದಿಂದ ಆರಂಭಿಸಿದರು. 1932ರ ಹೊತ್ತಿಗೆ 15 ರಾಜ್ಯಗಳಲ್ಲಿ 4,977 ಶಾಲೆಗಳಾಗಿದ್ದವು. ಶಿಕ್ಷಕರ ಮನೆ, ಕಸುಬಿನ ಶೆಡ್ ಸೇರಿ ಒಟ್ಟು 5,357 ಕಟ್ಟಡ. ಒಟ್ಟು ಖರ್ಚು 2.84 ಕೋಟಿ ಡಾಲರ್. ಅದರಲ್ಲಿ ರೋಸೆನ್‌ವಾಲ್ಡ್ ನಿಧಿಯ ಪಾಲು ಶೇ. 15ರಷ್ಟು, ಸರ್ಕಾರಿ ತೆರಿಗೆ ಹಣ ಶೇ. 64ರಷ್ಟು, ಕಪ್ಪು ಜನರೇ ಕೂಡಿಹಾಕಿ ಕೊಟ್ಟದ್ದು ಶೇ. 16ಕ್ಕೂ ಮೇಲೆ. ಆ ತೆರಿಗೆಯನ್ನು ಕಟ್ಟಿದವರಲ್ಲೂ ಅವರಿದ್ದರು. ಹೊಲದ ಒಂದು ತುಂಡನ್ನು ಶಾಲೆಗೆಂದೇ ಬಿಟ್ಟು ಹತ್ತಿ ಬೆಳೆದರು, ನೆಲ ಕೊಟ್ಟರು, ಮರ ಕಡಿದು ತಂದರು, ಕೂಲಿಯಿಲ್ಲದೆ ದುಡಿದರು. ದೊಡ್ಡ ಶ್ರೀಮಂತನ ಹೆಸರು ಹೊತ್ತ ಶಾಲೆಗಳಿಗೆ ಆ ಶ್ರೀಮಂತನಿಗಿಂತ ಹೆಚ್ಚು ಕೊಟ್ಟವರು ಬಡ ಗೇಣಿದಾರರು, ಕೂಲಿಗಳು. ಪಾಲಿನ ಹಣದ ನಿಯಮ ಜನರಲ್ಲಿ ‘ಇದು ನಮ್ಮ ಶಾಲೆ’ ಎಂಬ ಭಾವ ತಂದಿತು ಎಂದು ಹೊಗಳುವವರಿದ್ದಾರೆ, ಅದು ನಿಜವೂ ಹೌದು. ಆದರೆ ತೆರಿಗೆ ಕಟ್ಟಿದವರು ತಮ್ಮ ಮಕ್ಕಳ ಶಾಲೆಗೆ ಎರಡನೇ ಸಲ ಹಣ ತೆರಬೇಕಾಯಿತು ಎಂಬುದೂ ಅಷ್ಟೇ ನಿಜ.

ಒಂದು ಊರಿನ ಹಲವು ದಾನಿಗಳ ಹಣವನ್ನು ಒಟ್ಟುಗೂಡಿಸಿ, ಊರಿನ ಇಂದಿನ ಅಗತ್ಯ ನೋಡಿ ಹಂಚುವ ‘ಸಮುದಾಯ ಪ್ರತಿಷ್ಠಾನ’ದ ಕಲ್ಪನೆ 1914ರಲ್ಲಿ ಕ್ಲೀವ್‌ಲ್ಯಾಂಡಿನ ಬ್ಯಾಂಕರ್ ಫ್ರೆಡರಿಕ್ ಗಾಫ್‌ನಿಂದ ಬಂತು. ಸಣ್ಣ ಗುಂಪುಗಳ ಮಟ್ಟಿಗೆ ಇಂದಿಗೂ ಹತ್ತಿರದ ಬಾಗಿಲು ಅದೇ.

ಆದರೆ ಬಾಗಿಲು ಎಲ್ಲಿದೆ ಎಂದು ತಿಳಿಯುವುದು ಹೇಗೆ? ಇಪ್ಪತ್ತನೇ ಶತಮಾನದ ನಡುಭಾಗದವರೆಗೂ ಯಾವ ಪ್ರತಿಷ್ಠಾನ ಯಾರಿಗೆ ಎಷ್ಟು ಕೊಡುತ್ತದೆ ಎಂಬುದು ಬಹುಪಾಲು ಪರಿಚಯಸ್ಥರ ನಡುವಿನ ಮಾತು. ಅದನ್ನು ಬದಲಿಸಿದ್ದು ರಾಜಕೀಯ ಸಂಶಯ. ಅಮೆರಿಕದ ಕಾಂಗ್ರೆಸ್ಸಿನ ಸಮಿತಿಗಳು 1952ರಲ್ಲಿ, ಮತ್ತೆ 1954ರಲ್ಲಿ ಪ್ರತಿಷ್ಠಾನಗಳ ವಿಚಾರಣೆ ನಡೆಸಿದವು. ಪ್ರತಿಷ್ಠಾನಗಳಿಗೆ ಗಾಜಿನ ಜೇಬು ಇರಬೇಕು ಎಂಬ ಮಾತನ್ನು ಕಾರ್ನೆಗಿ ಕಾರ್ಪೊರೇಷನ್ನಿನ ರಸೆಲ್ ಲೆಫಿಂಗ್‌ವೆಲ್ ಆಡಿದ್ದು ಮೊದಲ ವಿಚಾರಣೆಯಲ್ಲೇ. ಒಳಗೇನಿದೆ ಎಂದು ಯಾರು ಬೇಕಾದರೂ ನೋಡುವಂತಿರಬೇಕು ಎಂಬುದು ಅದರ ಅರ್ಥ. 1956ರಲ್ಲಿ ನ್ಯೂಯಾರ್ಕಿನಲ್ಲಿ, ಪ್ರತಿಷ್ಠಾನಗಳ ಮಾಹಿತಿಯನ್ನು ಎಲ್ಲರಿಗೂ ಒದಗಿಸುವ ಫೌಂಡೇಷನ್ ಲೈಬ್ರರಿ ಸೆಂಟರ್ ತೆರೆಯಿತು. 1960ರಲ್ಲಿ ಅದರ ಪ್ರತಿಷ್ಠಾನಗಳ ಕೈಪಿಡಿ ಹೊರಬಂತು. 1969ರ ತೆರಿಗೆ ಸುಧಾರಣಾ ಕಾಯ್ದೆ ಖಾಸಗಿ ಪ್ರತಿಷ್ಠಾನಗಳ ಮೇಲೆ ಬಿಗಿ ನಿಯಮ ಹೇರಿ, ಪ್ರತಿ ವರ್ಷ ಕನಿಷ್ಠ ಇಷ್ಟು ಹಣ ಹಂಚಲೇಬೇಕೆಂದಿತು. ಆ ಪ್ರಮಾಣ ಮುಂದೆ ಆಸ್ತಿಯ ಶೇ. 5ಕ್ಕೆ ನಿಂತಿತು. ಯಾರಿಗೆ ಕೊಟ್ಟರು ಎಂಬ ವಿವರ ಸಾರ್ವಜನಿಕ ಕಡತಕ್ಕೆ ಸೇರಿತು.

ಅನುದಾನ ಹುಡುಕುವವರಿಗೆ ಸಿಕ್ಕ ಅತಿ ದೊಡ್ಡ ಉಪಕಾರ ಇದೆಂದು ನಾನು ನಂಬಿದ್ದೇನೆ. ದಾನಿಗಳು ‘ನಮ್ಮ ಆದ್ಯತೆ’ ಎಂದು ಬರೆದುಕೊಳ್ಳುವುದು ಒಂದು, ಕೊಟ್ಟ ಹಣದ ಪಟ್ಟಿ ಹೇಳುವುದು ಇನ್ನೊಂದು. ಗ್ರಾಮೀಣ ಶಿಕ್ಷಣ ನಮ್ಮ ಗುರಿ ಎನ್ನುವ ಸಂಸ್ಥೆಯ ಮೂರು ವರ್ಷದ ಪಟ್ಟಿ ತೆಗೆದು ನೋಡಿ. ಎಲ್ಲ ಮೊತ್ತಗಳೂ ದೊಡ್ಡ ನಗರದ ದೊಡ್ಡ ಸಂಸ್ಥೆಗಳಿಗೇ ಹೋಗಿದ್ದರೆ, ಐದು ಜನರ ಸಂಘ ಆ ಅರ್ಜಿಗೆ ಕೂರುವ ಮೊದಲು ಎರಡು ಸಲ ಯೋಚಿಸಬೇಕು. ಪಟ್ಟಿಯಲ್ಲಿ ನಿಮ್ಮಷ್ಟೇ ಗಾತ್ರದವರು ಒಬ್ಬರು ಸಿಕ್ಕರೂ ಅವರಿಗೊಂದು ಫೋನ್ ಮಾಡಿ. ಹತ್ತು ಪುಟದ ಮಾರ್ಗಸೂಚಿ ಹೇಳದ್ದನ್ನು ಅವರು ಹತ್ತು ನಿಮಿಷದಲ್ಲಿ ಹೇಳುತ್ತಾರೆ.

ಇಂಟರ್ನೆಟ್ ಬಂದ ಮೇಲೆ ನ್ಯೂಯಾರ್ಕಿಗೆ ಹೋಗುವ ಅಗತ್ಯ ಉಳಿಯಲಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಅನುದಾನಗಳೆಲ್ಲ 2003ರಲ್ಲಿ ಒಂದೇ ಜಾಲತಾಣದಲ್ಲಿ ಸಿಗತೊಡಗಿದವು. ಆ ಹಳೆಯ ಲೈಬ್ರರಿ ಸೆಂಟರ್ ಬೆಳೆದು 2019ರಲ್ಲಿ, ಸೇವಾಸಂಸ್ಥೆಗಳ ಮಾಹಿತಿ ಒದಗಿಸುತ್ತಿದ್ದ ಗೈಡ್‌ಸ್ಟಾರ್ ಜೊತೆ ಸೇರಿ ಕ್ಯಾಂಡಿಡ್ ಎಂಬ ಸಂಸ್ಥೆಯಾಯಿತು. ಹುಡುಕುವುದು ಸಲೀಸಾಯಿತು, ಅರ್ಜಿ ಹಾಕುವವರೂ ಹೆಚ್ಚಿದರು. ಪ್ರತಿ ದಾನಿಗೂ ತನ್ನದೇ ಫಾರಂ, ತನ್ನದೇ ಬಜೆಟ್ ನಮೂನೆ, ತನ್ನದೇ ವರದಿ. ಒಂದೇ ಕೆಲಸವನ್ನು ಎಂಟು ಬಗೆಯಾಗಿ ಬರೆಯುವ ಹೊತ್ತಿಗೆ ಕೆಲಸ ಮಾಡಬೇಕಾದವರು ಸುಸ್ತಾಗಿರುತ್ತಾರೆ. ಈಚೆಗೆ ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಅರ್ಜಿಗಳೂ ಸೇರಿ ರಾಶಿ ಬೆಳೆಯುತ್ತಿದೆ. ಅರ್ಜಿಗಳ ಭಾರ ತಾಳದೆ ಸ್ವೀಕಾರವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದ ದಾನಿ ಸಂಸ್ಥೆಗಳಿವೆ.

ಎಷ್ಟು ಒಳ್ಳೆಯ ಮನಸ್ಸಿನಿಂದ ಕೊಟ್ಟರೂ ಈ ಲೆಕ್ಕ ತಪ್ಪುವುದಿಲ್ಲ. ಅಮೆರಿಕದ ಶ್ರೀಮಂತ ದಾನಿ ಮೆಕೆಂಝಿ ಸ್ಕಾಟ್ 2020ರಿಂದ ದೊಡ್ಡ ಮೊತ್ತಗಳನ್ನು ಷರತ್ತಿಲ್ಲದೆ ಕೊಡುತ್ತಾ ಬಂದವರು. ಸಂಬಳಕ್ಕೋ ಬಾಡಿಗೆಗೋ ಹೇಗೆ ಬೇಕಾದರೂ ಬಳಸಬಹುದು. ಮೊದಲು ಅರ್ಜಿಯೇ ಇರಲಿಲ್ಲ, ಅವರ ತಂಡವೇ ಹುಡುಕಿಕೊಂಡು ಹೋಗುತ್ತಿತ್ತು. 2023ರಲ್ಲಿ ಮೊದಲ ಬಾರಿ ಬಹಿರಂಗವಾಗಿ ಅರ್ಜಿ ಕರೆದಾಗ 6,353 ಸಂಸ್ಥೆಗಳು ಮುಂದೆ ಬಂದವು. 250 ಸಂಸ್ಥೆಗಳಿಗೆಂದು ಯೋಚಿಸಿದ್ದ ನೆರವನ್ನು ಹಿಗ್ಗಿಸಿ, 2024ರ ಮಾರ್ಚಿನಲ್ಲಿ 361 ಸಂಸ್ಥೆಗಳಿಗೆ 64 ಕೋಟಿ ಡಾಲರ್ ಕೊಟ್ಟರು. ಉದಾರತೆಯಲ್ಲಿ ಎರಡು ಮಾತಿಲ್ಲ. ಉಳಿದ 5,992 ಸಂಸ್ಥೆಗಳಲ್ಲೂ ಯಾರೋ ಒಬ್ಬರು ರಾತ್ರಿ ಕೂತು ಬರೆದಿದ್ದರು.

ಆ ಹೊರೆ ಇಳಿಸುವ ದಾರಿಗಳು ಇಲ್ಲದಿಲ್ಲ. ಮೊದಲು ಒಂದು ಪುಟದ ಪತ್ರ ತರಿಸಿಕೊಂಡು, ಸಾಧ್ಯತೆ ಇದ್ದವರಿಂದಷ್ಟೇ ಪೂರ್ತಿ ಅರ್ಜಿ ಕೇಳುವವರಿದ್ದಾರೆ. ಸಣ್ಣ ಮೊತ್ತಕ್ಕೆ ಸಣ್ಣ ಫಾರಂ ಎಂಬ ನಿಯಮ ಇಟ್ಟುಕೊಂಡವರಿದ್ದಾರೆ. ಕೆಲವರು ಮಾತಿನಲ್ಲೇ ವಿವರ ಕೇಳಿಕೊಂಡು ತಾವೇ ಬರೆದುಕೊಳ್ಳುತ್ತಾರೆ. ನನಗೆ ಒಮ್ಮೆ ಒಬ್ಬ ಅಧಿಕಾರಿ ಫೋನಿನಲ್ಲಿ, “ಬೇರೆಯವರಿಗೆ ಬರೆದ ಅರ್ಜಿ ಇದ್ದರೆ ಅದನ್ನೇ ಕಳಿಸಿಬಿಡಿ, ಹೊಸದಾಗಿ ಬರೆಯಬೇಡಿ” ಎಂದರು. ಕಳಿಸಿದೆ. ಗ್ರಂಥಾಲಯದ ಮೇಲ್ವಿಚಾರಕರ ಸಂಬಳದ ಸಾಲು ಅದರಲ್ಲಿ ಇರಲಿಲ್ಲ. ಎರಡು ದಿನ ಬಿಟ್ಟು ಅವರೇ ಮತ್ತೆ ಫೋನ್ ಮಾಡಿದರು: “ಪುಸ್ತಕ ಕೊಡುವುದು ಯಾರು? ಅವರಿಗೆ ತಿಂಗಳಿಗೆ ಎಷ್ಟು ಬೇಕು?”