ಓದೋದ್ರಲ್ಲಿ ಹಿಂದೆ ಬಿದ್ದಿರೋ ಮಕ್ಕಳು: ಎಲ್ಲಿ ಸಿಕ್ಕಾಕ್ಕೊಂಡಿದಾರೆ ಅಂತ ಮೊದ್ಲು ನೋಡ್ಬೇಕು

ಡಿ.ಎಡ್., ಬಿ.ಎಡ್. ಮಾಡ್ತಿರೋರಿಗೆ ಅಂತ ಬರೀತಿದೀನಿ. ಪರಿಹಾರ ಬೋಧನೆ, ಅಂದ್ರೆ ಹಿಂದೆ ಬಿದ್ದಿರೋ ಮಕ್ಕಳಿಗೆ ಬೇರೆಯಾಗಿ ಹೇಳ್ಕೊಡೋದು, ಅನ್ನೋದು ನಮ್ ನೋಟ್ಸಲ್ಲಿ ಒಂದೆರಡು ಪುಟ ಅಷ್ಟೇ, ಎಕ್ಸಾಮಿಗೆ ಅಷ್ಟು ಸಾಕು ಕೂಡ, ಆದ್ರೆ ಇಂಟರ್ನ್‌ಶಿಪ್‌ಗೆ ಅಂತ ಆಲೂರು, ಸಕಲೇಶಪುರ ಕಡೆ ಯಾವ್ದಾದ್ರೂ ಶಾಲೆಗೆ ಹೋಗಿ ಐದನೇ ಕ್ಲಾಸಲ್ಲಿ ಪಾಠ ಓದ್ಸೋಕೆ ಶುರು ಮಾಡಿ, ಎಷ್ಟು ಮಕ್ಕಳು ತಲೆ ತಗ್ಗಿಸ್ತಾರೆ ಅಂತ ಗೊತ್ತಾಗುತ್ತೆ. ಇದು ನಮ್ ಹಾಸನ ಜಿಲ್ಲೆ ಕಥೆ ಮಾತ್ರ ಅಲ್ಲ. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆ ಪ್ರಕಾರ ಗ್ರಾಮೀಣ ಭಾರತದಲ್ಲಿ ಎರಡನೇ ಕ್ಲಾಸ್ ಮಟ್ಟದ ಕಥೆ ಓದಬಲ್ಲ ಐದನೇ ಕ್ಲಾಸ್ ಮಕ್ಕಳು 2018ರಲ್ಲಿ ಶೇ. 50.5 ಇದ್ರು, ಕೋವಿಡ್ ಆದ್ಮೇಲೆ 2022ರಲ್ಲಿ ಶೇ. 42.8ಕ್ಕೆ ಇಳಿದ್ರು.

ಸ್ಟಾಫ್ ರೂಮಲ್ಲಿ ಈ ಮಕ್ಕಳಿಗೆಲ್ಲ ಒಂದೇ ಹೆಸ್ರು, ನಿಧಾನ ಕಲಿಕೆಯವರು. ನನಗೆ ಈ ಪದ ಕಂಡ್ರೆ ಆಗಲ್ಲ, ಯಾಕಂದ್ರೆ ಅದು ಏನೂ ಹೇಳಲ್ಲ. 1986ರಲ್ಲಿ ಗಫ್ ಮತ್ತೆ ಟನ್ಮರ್ ಅನ್ನೋ ಸಂಶೋಧಕರು ಒಂದು ಸರಳ ಸೂತ್ರ ಕೊಟ್ರು, ಅರ್ಥ ಮಾಡ್ಕೊಂಡು ಓದೋದು ಅಂದ್ರೆ ಅಕ್ಷರ ಬಿಡಿಸೋ ಸಾಮರ್ಥ್ಯ ಗುಣಿಸು ಭಾಷೆ ಅರ್ಥ ಆಗೋ ಸಾಮರ್ಥ್ಯ. ಕೂಡ್ಸೋದಲ್ಲ, ಗುಣಿಸೋದು, ಅಂದ್ರೆ ಒಂದು ಸೊನ್ನೆ ಆದ್ರೆ ಉತ್ತರನೂ ಸೊನ್ನೆ. ಇದನ್ನ ನಮ್ಮ ಕಡೆಗೆ ಹಾಕಿ ನೋಡಿ: ಕಾಫಿ ಎಸ್ಟೇಟ್ ಲೈನ್ ಮನೆಯಿಂದ (ಕೂಲಿಯವರ ಸಾಲು ಮನೆ) ಬರೋ ಮಗು, ಮನೇಲಿ ತಮಿಳೋ ಅಸ್ಸಾಮಿಯೋ ಮಾತಾಡೋದು, ಕನ್ನಡ ಅಕ್ಷರ ಕಲ್ತು ಪಟಪಟ ಅಂತ ಓದ್ಬಿಡುತ್ತೆ, ಏನ್ ಓದ್ದೆ ಅಂದ್ರೆ ಮುಖ ನೋಡುತ್ತೆ. ಪಕ್ಕದಲ್ಲೇ ಕೂತಿರೋ ಊರಿನ ಹುಡುಗನಿಗೆ ನೀವು ಕಥೆ ಓದಿ ಹೇಳಿದ್ರೆ ನಿಮಗಿಂತ ಚೆನ್ನಾಗಿ ತಿರುಗಿ ಹೇಳ್ತಾನೆ, ಪುಸ್ತಕ ಕೊಟ್ರೆ ಮೂರನೇ ಪದಕ್ಕೇ ನಿಂತ. ಇಬ್ಬರನ್ನೂ ಕೂರ್ಸಿ ಕಾಪಿ ಬರೆಸಿದ್ರೆ ಇಬ್ಬರಿಗೂ ಉಪಯೋಗ ಇಲ್ಲ. ಮೊದಲನೇ ಮಗುಗೆ ಮಾತು ಬೇಕು, ಪದ ಬೇಕು, ಎರಡನೆಯವನಿಗೆ ಅಕ್ಷರ ಬಿಡಿಸೋ ಅಭ್ಯಾಸ ಬೇಕು.

ಟೆಸ್ಟ್ ಮಾಡೋವಾಗ ಪಠ್ಯಪುಸ್ತಕದ ಪಾಠನೇ ಓದ್ಸಬೇಡಿ. ಎಷ್ಟೋ ಮಕ್ಕಳಿಗೆ ಪಾಠ ಬಾಯಿಪಾಠ ಆಗಿರುತ್ತೆ, ಬೆರಳು ನೋಡಿ, ಬಾಯಿ ಮೂರನೇ ಸಾಲಲ್ಲಿ ಇರುತ್ತೆ ಬೆರಳು ಇನ್ನೂ ಎರಡನೇ ಸಾಲಲ್ಲೇ. ಹೊಸ ತುಣುಕು ಕೊಡಿ, ಒಬ್ಬೊಬ್ಬರನ್ನೇ ಕರೀರಿ, ಬೇರೆಯವರ ಎದುರಿಗೆ ಬೇಡ. ಅಸರ್ ಟೂಲ್ ಇದಕ್ಕೆ ಸಾಕು: ಅಕ್ಷರ, ಪದ, ಒಂದನೇ ಕ್ಲಾಸ್ ಮಟ್ಟದ ಪ್ಯಾರಾ, ಎರಡನೇ ಕ್ಲಾಸ್ ಮಟ್ಟದ ಕಥೆ, ಮಗು ಎಲ್ಲೀವರೆಗೆ ಆರಾಮಾಗಿ ಬರುತ್ತೋ ಅದೇ ಅದರ ಮಟ್ಟ.

ಆದ್ರೆ ಮಟ್ಟ ಗೊತ್ತಾದ್ರೆ ಮುಗೀಲಿಲ್ಲ, ತಪ್ಪನ್ನ ಹಾಗೇ ಬರ್ಕೊಳ್ಳಿ, ಇದೇ ಮುಖ್ಯ. ಕತ್ತೆನ ಕತೆ ಅಂತ ಓದಿದ್ರೆ ಒತ್ತು ಬಿಟ್ಟಿದೆ. ಕಾಡು ಹೋಗಿ ಕಡು ಆದ್ರೆ ದೀರ್ಘ. ವರ್ಷ ಅನ್ನೋದನ್ನ ವಷರ ಅಂದ್ರೆ ಅರ್ಕಾವೊತ್ತು, ಅಲ್ಲಿ ಮಗುದು ತಪ್ಪೇನಿದೆ ಹೇಳಿ, ಮೊದ್ಲು ಉಚ್ಚಾರ ಆಗೋ ರಕಾರನ ನಾವು ಷ ಆದ್ಮೇಲೆ ಬರೀತೀವಿ, ಅದು ಕಂಡ ಹಾಗೆ ಓದಿದೆ ಅಷ್ಟೆ! ಇಂಗ್ಲಿಷಲ್ಲಿ 26 ಅಕ್ಷರ, ನಮ್ಮಲ್ಲಿ ವರ್ಣಮಾಲೆ 49 ಅಂತ ಹೇಳ್ತೀವಿ, ಆದ್ರೆ ಕಾಗುಣಿತ ಒತ್ತಕ್ಷರ ಸೇರಿದ್ರೆ ಮಗು ಗುರುತು ಹಿಡೀಬೇಕಾದ ರೂಪಗಳು ನೂರಾರು. ಸೊನಾಲಿ ನಾಗ್ ಅವರು ಕನ್ನಡ ಕಲಿಯೋ ಮಕ್ಕಳ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕಲಿಕೆ ನಾಲ್ಕನೇ ಕ್ಲಾಸ್‌ವರೆಗೂ ಎಳೆಯುತ್ತೆ ಅಂತ ಇದೆ. ಹಂಗಾಗಿ ಮೂರನೇ ಕ್ಲಾಸಲ್ಲಿ ಒತ್ತಕ್ಷರ ತಡವರಿಸೋ ಮಗು ನೋಡಿ ಗಾಬರಿ ಬೀಳೋ ಅಗತ್ಯ ಇಲ್ಲ, ಸರಳಾಕ್ಷರನೇ ಬರದೇ ಇದ್ರೆ ಮಾತ್ರ ತಕ್ಷಣ ಅದರ ಜೊತೆ ಕೂತ್ಕೋಬೇಕು.

ಇನ್ನೊಂದು ವಿಷ್ಯ, ನಮ್ ಹಾಸನದ ಹಳ್ಳಿ ಕಡೆ ಹಾವು ಅನ್ನೋದನ್ನ ಆವು ಅಂತ ಓದ್ತಾರಲ್ಲ, ಅದನ್ನ ತಪ್ಪಿನ ಲಿಸ್ಟಿಗೆ ಹಾಕ್ಬೇಡಿ. ಅದು ಮನೆ ಮಾತು. ಮಗುಗೆ ಪದ ಸಿಕ್ಕಿದೆ, ಅರ್ಥನೂ ಗೊತ್ತು. ಪ್ರತಿ ಸಲ ತಡೆದು ಹಾ ಅನ್ನು ಹಾ ಅನ್ನು ಅಂತ ತಿದ್ದಿದ್ರೆ ಆಮೇಲೆ ಅದು ಬಾಯೇ ಬಿಡಲ್ಲ.

ಗುಂಪು ಮಾಡೋದು ಮಟ್ಟದ ಮೇಲೆ, ಕ್ಲಾಸಿನ ಮೇಲೆ ಅಲ್ಲ. ಪ್ರಥಮ್‌ನ ಪದ್ಧತಿಯಲ್ಲಿ ಮೂರರಿಂದ ಐದನೇ ಕ್ಲಾಸ್ ಮಕ್ಕಳನ್ನ ದಿನದಲ್ಲಿ ಒಂದಷ್ಟು ಹೊತ್ತು ಹೀಗೆ ಬೆರೆಸಿ ಕೂರಿಸ್ತಾರೆ, 2019ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಪರೀಕ್ಷೆ ಮಾಡಿ ನೋಡಿದ್ದರಲ್ಲಿ ಇದೂ ಒಂದು. ನಮಗೇನು ಇದು ಹೊಸದಲ್ಲ ಬಿಡಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ (ಸರ್ಕಾರಿ ಶಾಲೆ ಚಿಕ್ಕ ಕ್ಲಾಸುಗಳ ಚಟುವಟಿಕೆ ಪದ್ಧತಿ) ಮಕ್ಕಳನ್ನ ತಟ್ಟೆ ತಟ್ಟೆಯಾಗಿ, ಅಂದ್ರೆ ಗುಂಪು ಗುಂಪಾಗಿ ಕೂರ್ಸಿ ಅವರವರ ಮೆಟ್ಟಿಲಿಂದ ಮುಂದೆ ಕಳಿಸೋದು ಇದೇ ತಾನೆ. ಅದರ ಅಕ್ಷರ ಕ್ರಮನೂ ಒಳ್ಳೇದು, ಅ ಆ ಇ ಈ ಬಿಟ್ಟು ರ ಗ ಸ ದ ಅ ಇಂದ ಶುರು, ಐದೇ ಅಕ್ಷರದಲ್ಲಿ ಸರ, ಅರಸ, ಗರಗಸ ಎಲ್ಲ ಓದ್ಬಹುದು. ಹಿಂದೆ ಬಿದ್ದಿರೋ ನಾಲ್ಕನೇ ಕ್ಲಾಸ್ ಮಗುಗೂ ಇದೇ ಕ್ರಮ ಹಿಡೀರಿ, ಕಾರ್ಡ್ ಮಾತ್ರ ಚಿಕ್ಕ ಮಕ್ಕಳದ್ದು ಕೊಡ್ಬೇಡಿ, ಅವಮಾನ ಆಗುತ್ತೆ, ಪದಗಳನ್ನ ಹಲಗೆ ಮೇಲೆ ನೀವೇ ಬರೀರಿ.

ಈಗ ಒಂದು ಪೇಚು. ಬರೀ ಕೆಳಗಿನ ಮಟ್ಟದಲ್ಲೇ ಓದಿಸ್ತಾ ಇದ್ರೆ ಮಗು ಅಲ್ಲೇ ಉಳಿಯುತ್ತೆ, ಯಾಕಂದ್ರೆ ಅದರ ಜೊತೆಯವರು ಮುಂದೆ ಹೋಗ್ತಾನೇ ಇರ್ತಾರೆ, ಅವರ ಪದ ಸಂಪತ್ತು ಬೆಳೀತಾನೇ ಇರುತ್ತೆ. ಎರಡು ವರ್ಷ ಹಿಂದಿರೋ ಮಗು ವರ್ಷಕ್ಕೆ ಒಂದು ವರ್ಷದ್ದು ಕಲಿತ್ರೆ ಯಾವತ್ತೂ ಎರಡು ವರ್ಷ ಹಿಂದೇನೇ. ಅದಕ್ಕೆ ನನ್ನ ಪ್ರಕಾರ ಎರಡೂ ಒಟ್ಟಿಗೆ ನಡೀಬೇಕು, ಗುಂಪಿನ ಹೊತ್ತಲ್ಲಿ ತನ್ನ ಮಟ್ಟದ ಓದು, ಭಾಷೆ ಪೀರಿಯಡಲ್ಲಿ ಕ್ಲಾಸಿನ ಪಾಠನೇ, ಆದ್ರೆ ಮೊದ್ಲು ಟೀಚರ್ ಜೋರಾಗಿ ಓದ್ಬೇಕು, ಕಥೆ ಮಾತಾಡ್ಬೇಕು, ಆಮೇಲೆ ಆ ಮಗುಗೆ ಅದೇ ಪಾಠದ ಒಂದು ಚಿಕ್ಕ ಪ್ಯಾರಾ ಕೊಟ್ಟು ಮತ್ತೆ ಮತ್ತೆ ಓದಿಸೋದು. ಒಂದೇ ತುಣುಕನ್ನ ಸರಾಗ ಆಗೋವರೆಗೂ ಓದಿಸೋ ಈ ವಿಧಾನನ ಸ್ಯಾಮ್ಯುಯಲ್ಸ್ ಅನ್ನೋ ಸಂಶೋಧಕರು 1979ರಲ್ಲಿ ವಿವರಿಸಿದ್ರು, ಟಿಇಟಿಗೂ (ಶಿಕ್ಷಕರ ಅರ್ಹತಾ ಪರೀಕ್ಷೆ) ನೆನಪಿಟ್ಕೊಳ್ಳಿ.

ವೇಗದ ಲೆಕ್ಕದಲ್ಲಿ ಹುಷಾರು. ಕೇಂದ್ರ ಸರ್ಕಾರದ 2021ರ ನಿಪುಣ್ ಭಾರತ್ ಯೋಜನೆಯ ಗುರಿ ಮೂರನೇ ಕ್ಲಾಸ್ ಕೊನೆಗೆ ನಿಮಿಷಕ್ಕೆ 60 ಪದ. ಆದ್ರೆ ಕನ್ನಡದಲ್ಲಿ ಮನೆಯಲ್ಲಿದ್ದವರಿಗೆ ಅನ್ನೋದು ಒಂದೇ ಪದ, ಇಷ್ಟುದ್ದ ಪದ ಇದ್ರೆ ಎಣಿಕೆ ಕಮ್ಮಿನೇ ಬರುತ್ತೆ! 2022ರ ರಾಷ್ಟ್ರೀಯ ಬುನಾದಿ ಕಲಿಕಾ ಅಧ್ಯಯನದಲ್ಲಿ ಭಾಷೆಗೊಂದು ಬೇರೆ ಬೇರೆ ಮಾನದಂಡ ಇಟ್ಟಿದ್ದೂ ಇದಕ್ಕೇ. ಸ್ಟಾಪ್‌ವಾಚ್ ಹಿಡ್ಕೊಂಡು ಮಗು ಮುಂದೆ ಕೂರೋದು ಅಷ್ಟಕ್ಕಷ್ಟೆ.

ಮಲೆನಾಡಲ್ಲಿ ಕೆಲಸ ಮಾಡೋರು ಕ್ಯಾಲೆಂಡರ್ ಕೂಡ ನೋಡ್ಕೊಳ್ಳಿ. ಜುಲೈಯಲ್ಲಿ ಮಳೆ ರಜೆ ಸಾಲು ಸಾಲು, ಡಿಸೆಂಬರ್ ಜನವರೀಲಿ ಕಾಫಿ ಕೊಯ್ಲು, ಆಗ ಕೂಲಿಯವರ ಮಕ್ಕಳು ಹೊಸದಾಗಿ ಸೇರ್ತಾರೆ, ಕೆಲವರು ಕಾಣೆಯಾಗ್ತಾರೆ. ಆದ್ರಿಂದ ಜೂನಲ್ಲಿ ಮಾಡಿದ ಗುಂಪು ಫೆಬ್ರವರಿಗೆ ನಡೆಯಲ್ಲ, ಮಳೆ ನಿಂತ ಮೇಲೆ ಒಂದ್ಸಲ, ಕೊಯ್ಲು ಶುರುವಾದಾಗ ಇನ್ನೊಂದ್ಸಲ ಟೆಸ್ಟ್ ಮಾಡಿ ಗುಂಪು ಬದಲಾಯಿಸಿ. ಒಂದು ನೋಟ್‌ಬುಕ್‌ನಲ್ಲಿ ಮಗುಗೊಂದು ಪುಟ ಇಡಿ, ಅದರಲ್ಲಿ ಮಾರ್ಕ್ಸ್ ಬೇಡ, ತಾರೀಖು, ಓದಿದ ತುಣುಕು, ಯಾವ ಪದದಲ್ಲಿ ನಿಂತಿತು, ಅಷ್ಟು ಸಾಕು, ನೀವು ಇಂಟರ್ನ್‌ಶಿಪ್ ಮುಗ್ಸಿ ಹೋಗೋವಾಗ ಅದನ್ನ ಕ್ಲಾಸ್ ಟೀಚರ್ ಕೈಗೆ ಕೊಟ್ಟು ಹೋಗಿ.